ಗ್ಯಾಸ್ ಬಾಯ್ಲರಿನ ಚಿಮಣಿ ಅತಿಯಾಗಿ ಎಳೆಯುತ್ತಿದ್ದರೆ

ಕಾಸರಗೋಡು, ಕುಂಬಳೆ, ಉಪ್ಪಳದ ಕಡೆ ಹೋಟೆಲು, ಆಸ್ಪತ್ರೆ, ಕಲ್ಯಾಣ ಮಂಟಪಗಳಲ್ಲಿ ಗ್ಯಾಸ್ ಬಾಯ್ಲರ್ ನಡೆಸುವವರು ಇಂಧನದ ಖರ್ಚು ಏರಿದೊಡನೆ ಬರ್ನರನ್ನು ದೂರುವುದುಂಟು. ಚಿಮಣಿಯನ್ನು ಸಂಶಯಿಸುವವರು ಕಡಿಮೆ. ಚಿಮಣಿಯೊಳಗಿನ ಬಿಸಿ ಅನಿಲ ಹೊರಗಿನ ಗಾಳಿಗಿಂತ ಹಗುರವಾದ್ದರಿಂದ ಹುಟ್ಟುವ ಸೆಳೆತವೇ ಡ್ರಾಫ್ಟ್. ಹೊರಗೆ 30 ಡಿಗ್ರಿ, ಒಳಗೆ 200 ಡಿಗ್ರಿ ಸೆಲ್ಸಿಯಸ್ ಇದ್ದಾಗ 20 ಮೀಟರ್ ಎತ್ತರದ ಚಿಮಣಿ ಸುಮಾರು 80 ಪಾಸ್ಕಲ್, ಅಂದರೆ 8 ಮಿಲಿಮೀಟರ್ ನೀರಿನ ಮಟ್ಟದಷ್ಟು ಸೆಳೆಯಬಲ್ಲದು. ಫ್ಯಾನಿಲ್ಲದ ಬರ್ನರಿಗೆ ಬೇಕಾಗುವುದು ಇದರ ಸಣ್ಣದೊಂದು ಪಾಲು ಮಾತ್ರ. ಉಳಿದದ್ದು ಬೇಡದ ಗಾಳಿಯನ್ನು ಒಳಗೆಳೆದು, ನೀರಿಗೆ ಸೇರಬೇಕಾದ ಶಾಖವನ್ನು ಹೊರಗೆ ಹಾಕುತ್ತದೆ. ಜ್ವಾಲೆ ಬರ್ನರಿನ ಬಾಯಿಬಿಟ್ಟು ಮೇಲೇಳುವುದೂ ಉಂಟು.

ಮೊದಲು ಅಳತೆಯಾಗಬೇಕು. ಬಾಯ್ಲರ್ ಪೂರ್ಣ ಉರಿಯಲ್ಲಿ ಕಾಲು ಗಂಟೆಯಾದರೂ ನಡೆದು ಚಿಮಣಿ ಬಿಸಿಯಾದ ಮೇಲೆ, ಬಾಯ್ಲರಿಗೂ ಡ್ಯಾಂಪರಿಗೂ (ಸೆಳೆತವನ್ನು ಹತೋಟಿಯಲ್ಲಿಡುವ ತಿರುಗು ತಟ್ಟೆ) ನಡುವಿನ ಕೊಳವೆಯಲ್ಲಿ ಒತ್ತಡ ಅಳೆಯುವ ಮ್ಯಾನೋಮೀಟರಿನಿಂದ ಡ್ರಾಫ್ಟನ್ನೂ, ಅನಿಲ ವಿಶ್ಲೇಷಕದಿಂದ ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್ ಮತ್ತು ಉಷ್ಣತೆಯನ್ನೂ ಬರೆದಿಟ್ಟುಕೊಂಡು, ತಯಾರಕರ ಕೈಪಿಡಿಯ ಅಂಕಿಗಳೊಂದಿಗೆ ಹೋಲಿಸಿ ನೋಡಬೇಕು.

ಸೆಳೆತ ಹೆಚ್ಚೆಂದು ಖಚಿತವಾದರೆ ಕೊಳವೆಗೆ ತಗಡು ಅಡ್ಡಹಾಕಿ ದಾರಿ ಕಿರಿದಾಗಿಸುವ ಕೈಚಳಕ ಬೇಡವೇ ಬೇಡ. ಗಾಳಿ ತಿರುಗಿದ ದಿನ ವಿಷಾನಿಲ ಕೋಣೆಗೇ ಬರುತ್ತದೆ. ಕೋಣೆಯ ಗಾಳಿಯನ್ನು ಚಿಮಣಿಗೆ ಬಿಟ್ಟು ಸೆಳೆತವನ್ನು ತಗ್ಗಿಸುವ ಬ್ಯಾರೊಮೆಟ್ರಿಕ್ ಡ್ಯಾಂಪರ್ ಸರಿಯಾದ ಉಪಾಯ. ಗ್ಯಾಸಿಗೆ ಎರಡೂ ಕಡೆಗೆ ತೂಗುವ ಮಾದರಿಯೇ ಆಗಬೇಕು. ಜೊತೆಗೆ, ಅನಿಲ ಹಿಮ್ಮುಖವಾಗಿ ಹೊರಬಂದರೆ ಬರ್ನರನ್ನು ನಿಲ್ಲಿಸುವ ಉಷ್ಣ ಸ್ವಿಚ್ಚೂ ಇರಬೇಕು. ಡ್ಯಾಂಪರಿನ ಚೌಕಟ್ಟನ್ನು ಮಟ್ಟಗೋಲಿಟ್ಟು ನೇರವಾಗಿ ಕೂರಿಸಿ, ಅಚ್ಚು ಅಡ್ಡವಾಗಿರುವಂತೆ ನೋಡಿಕೊಂಡು, ತೂಕವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಮ್ಯಾನೋಮೀಟರ್ ಬೇಕಾದ ಅಂಕಿಗೆ ಬಂದು ನಿಲ್ಲುವ ತನಕ ತಾಳ್ಮೆ ವಹಿಸಬೇಕು. ಇದು ಪರಿಣತ ತಂತ್ರಜ್ಞರ ಕೆಲಸ. ಎತ್ತರದ ಕಟ್ಟಡಗಳಲ್ಲಿ, ಹಲವು ಬಾಯ್ಲರುಗಳಿಗೆ ಒಂದೇ ಚಿಮಣಿ ಇದ್ದಲ್ಲಿ, ಒತ್ತಡವನ್ನು ಅಳೆದು ತಾನೇ ತಿರುಗುವ ಮೋಟಾರು ಡ್ಯಾಂಪರ್ ಮೇಲು.

ಸರಿಪಡಿಸಿದ ಬಳಿಕ ದಹನದ ಅಂಕಿಗಳನ್ನು ಮತ್ತೊಮ್ಮೆ ಅಳೆಯಬೇಕು. ಡ್ರಾಫ್ಟ್ ಬದಲಾದರೆ ಬರ್ನರಿಗೆ ಸಿಗುವ ಗಾಳಿಯೂ ಬದಲಾಗುತ್ತದೆ. ಡ್ಯಾಂಪರಿನ ಬಾಯಿಗೆ ಉರಿಯುವ ಊದುಬತ್ತಿ ಹಿಡಿದಾಗ ಹೊಗೆ ಒಳಗೆ ಸೇರಬೇಕು, ಹೊರಗೆ ತಳ್ಳಲ್ಪಡಬಾರದು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನುಗಳೆಲ್ಲ ಓಡುತ್ತಿರುವಾಗಲೇ ಈ ಪರೀಕ್ಷೆ ಮಾಡಿದರೆ ಮಾತ್ರ ನಂಬಬಹುದು.

ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಗೆ ಡ್ಯಾಂಪರಿನ ಅಚ್ಚು ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆಯಾದ್ದರಿಂದ, ಮಳೆಗಾಲಕ್ಕೆ ಮುನ್ನ ಒಮ್ಮೆ, ಪಡುಗಾಳಿ ಜೋರಾದ ಮೇಲೆ ಇನ್ನೊಮ್ಮೆ ತಟ್ಟೆಯನ್ನು ಬೆರಳಿನಿಂದ ತೂಗಿ ನೋಡಿ, ಡ್ರಾಫ್ಟನ್ನೂ ಅಳೆಯಬೇಕು.