ಕಾಗದದಲ್ಲಿರುವ ಪಾಳಿ: ಇಂಗ್ಲೆಂಡಿನಲ್ಲಿ ಮಕ್ಕಳ ಮಾನಸಿಕ ಆರೋಗ್ಯ ಸೇವೆ ಪಡೆಯುವವರಿಗೆ

ಕಳೆದ ಎರಡು ವರ್ಷಗಳಲ್ಲಿ ಹುಬ್ಬಳ್ಳಿಯಿಂದ, ಗದಗಿನಿಂದ ಮತ್ತು ಹಾವೇರಿ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ ಮೂರು ಪರಿಚಿತ ಕುಟುಂಬಗಳು ಆರು ವರ್ಷಗಳ ಹಿಂದೆ ನಾನು ಮಾಡಿದಂತೆಯೇ ಮಗುವಿನ ಚಿಕಿತ್ಸೆಯ ಪಾಳಿಯನ್ನು ಕೈತಪ್ಪಿಸಿಕೊಂಡದ್ದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. ಜಿಪಿ, ಅಂದರೆ ಇಲ್ಲಿನ ಸಾಮಾನ್ಯ ವೈದ್ಯರ ಬಳಿ ಹೆಸರು ನೋಂದಾಯಿಸುವ ಬಗೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬಿಡುತ್ತೇನೆ. ಆದರೆ ವೀಸಾದೊಂದಿಗೆ ಪ್ರತಿ ಮಗುವಿಗೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದವರಿಗೂ ಮನಸ್ಸಿನ ಚಿಕಿತ್ಸೆ ಅದರಲ್ಲಿ ಸೇರಿದೆ ಎಂಬುದು ಹೊಳೆಯುವುದಿಲ್ಲ. ಹೊಳೆದರೂ, ಮಗಳಿಗೆ ಹುಚ್ಚು ಎಂಬ ಮುದ್ರೆ ಬಿದ್ದೀತು ಎಂದು ಹೆದರಿ ಸುಮ್ಮನಿರುತ್ತಾರೆ. ಇಂಗ್ಲೆಂಡಿನ 2023ರ ಸರಕಾರಿ ಸಮೀಕ್ಷೆಯಲ್ಲಿ 8ರಿಂದ 16 ವಯಸ್ಸಿನ ಐವರು ಮಕ್ಕಳಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇರುವ ಸಂಭವ ಕಂಡುಬಂದಿತ್ತು. ಆದ್ದರಿಂದ ಇದನ್ನು ಮುಚ್ಚಿಡಬೇಕಾದ ವಿಷಯವೆಂದು ಇಲ್ಲಿನ ಶಾಲೆಗಳಾಗಲಿ ವೈದ್ಯರಾಗಲಿ ಭಾವಿಸುವುದಿಲ್ಲ.

ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಬೆಳಿಗ್ಗೆ ಹೋಗಿ ಚೀಟಿ ಮಾಡಿಸಿದರೆ ವೈದ್ಯರನ್ನು ನೇರವಾಗಿ ಕಾಣಬಹುದು. ಇಲ್ಲಿ ಮಕ್ಕಳ ಮನೋವೈದ್ಯರ ಬಾಗಿಲು ಹಾಗೆ ತೆರೆಯುವುದಿಲ್ಲ. ಸಾಮಾನ್ಯವಾಗಿ ಜಿಪಿಯೋ ಶಾಲೆಯೋ ಶಿಫಾರಸು ಮಾಡಬೇಕು. ಆ ಶಿಫಾರಸನ್ನು ‘ಕ್ಯಾಮ್ಸ್’ ಎಂದು ಕರೆಯುವ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯ ಸೇವೆಯವರು ಓದಿ, ಒಪ್ಪಿಕೊಳ್ಳಬೇಕು, ಇಲ್ಲವೇ ತಿರಸ್ಕರಿಸಬೇಕು. ಜಿಪಿ ಬಳಿ ನಿಮಗೆ ಸಿಗುವುದು ಸುಮಾರು ಹತ್ತು ನಿಮಿಷ. ನಮ್ಮವರು ಆ ಹತ್ತು ನಿಮಿಷದಲ್ಲಿ ‘ಸ್ವಲ್ಪ ಮಂಕಾಗಿದ್ದಾಳೆ’, ‘ಈಚೆಗೆ ಹಟ ಜಾಸ್ತಿ’ ಎಂದು ಮೆತ್ತಗೆ ಹೇಳಿ ಬರುತ್ತಾರೆ, ಅಂಥ ಶಿಫಾರಸು ಸುಲಭವಾಗಿ ಮರಳಿ ಬರುತ್ತದೆ. ನನ್ನ ಮಗಳು ಹದಿಮೂರನೆಯ ವಯಸ್ಸಿನಲ್ಲಿ ದಿನ ಬೆಳಗಾದರೆ ‘ಅವ್ವಾ, ಹೊಟ್ಟಿ ನೋಯಾಕತ್ತೈತಿ, ಇವತ್ತ ಸಾಲಿ ಬ್ಯಾಡ’ ಎನ್ನುತ್ತಿದ್ದಳು, ನಾನು ಎರಡು ತಿಂಗಳು ಓಂಕಾಳಿನ ನೀರು ಕುಡಿಸಿದೆ. ಮನಸ್ಸಿನ ಭಯ ಮಕ್ಕಳಲ್ಲಿ ಎಷ್ಟೋ ಸಲ ಹೊಟ್ಟೆನೋವಾಗಿ, ತಲೆನೋವಾಗಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ನನಗೆ ತಿಳಿಸಿದವರು ಶಾಲೆಯ ‘ಸೆಂಕೊ’, ಅಂದರೆ ವಿಶೇಷ ಅಗತ್ಯವಿರುವ ಮಕ್ಕಳ ಹೊಣೆ ಹೊತ್ತ ಶಿಕ್ಷಕಿ. ಆದ್ದರಿಂದ ಮೊದಲು ಅವರನ್ನು ಕಾಣಿರಿ. ತಿಂಗಳಲ್ಲಿ ಎಷ್ಟು ದಿನ ಶಾಲೆ ತಪ್ಪಿತು, ರಾತ್ರಿ ಎಷ್ಟು ತಾಸು ನಿದ್ದೆ, ಯಾವ ಊಟ ಬಿಟ್ಟಿದೆ, ತನಗೆ ತಾನೇ ಗಾಯ ಮಾಡಿಕೊಂಡದ್ದುಂಟೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಜಿಪಿಗೆ ಕೊಡಿರಿ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಶಿಫಾರಸು ಒಪ್ಪಿಗೆಯಾದ ಮೇಲೆ ತಿಂಗಳುಗಟ್ಟಲೆ ಕಾಯಬೇಕು. ನಮ್ಮ ಕಡೆಯ ಆಸ್ಪತ್ರೆಯ ಪಾಳಿಯಲ್ಲಿ ಬಾಕಿನ ಮೇಲೆ ಕುಳಿತಿದ್ದರೆ ಸಾಕು, ಹೆಸರು ಕೂಗುತ್ತಾರೆ, ನಡುವೆ ಎದ್ದು ಚಹಾ ಕುಡಿದು ಬಂದರೂ ಕಂಪೌಂಡರ್ ಮುಖ ನೆನಪಿಟ್ಟು ಒಳಗೆ ಬಿಡುತ್ತಾನೆ. ಇಲ್ಲಿಯ ಪಾಳಿ ಇರುವುದು ಕಾಗದದಲ್ಲಿ. ಅನೇಕ ಕಡೆ ಬಹುಕಾಲ ಮೌನವಾಗಿದ್ದ ಸೇವೆಯವರು ಒಂದು ದಿನ ಪತ್ರ ಕಳುಹಿಸಿ, ನಿಮಗೆ ಭೇಟಿ ಈಗಲೂ ಬೇಕಿದ್ದರೆ ಇಂತಿಷ್ಟು ದಿನಗಳೊಳಗೆ ಕರೆ ಮಾಡಿರಿ ಎಂದು ಕೇಳುತ್ತಾರೆ. ಉತ್ತರ ಬಾರದಿದ್ದರೆ ನಿಮಗೆ ಬೇಡವಾಗಿದೆ ಎಂದು ತಿಳಿದು ಹೆಸರು ತೆಗೆದು ಹಾಕಿ ಜಿಪಿಗೆ ತಿಳಿಸುತ್ತಾರೆ.

ನಮ್ಮ ಶಿಫಾರಸು ಮಾರ್ಚ್‌ನಲ್ಲಿ ಹೋಗಿತ್ತು. ಜುಲೈ ಕೊನೆಯಲ್ಲಿ ಶಾಲೆಗೆ ರಜೆಯಾದೊಡನೆ, ಎಲ್ಲರಂತೆ ನಾವೂ ಆರು ವಾರ ಧಾರವಾಡಕ್ಕೆ ಹೊರಟೆವು. ಮಗಳು ಅಜ್ಜಿಯ ಮನೆಯ ಅಟ್ಟದ ಮೇಲೆ ಶ್ರಾವಣದ ಮಳೆ ನೋಡುತ್ತ ನಗುತ್ತಿದ್ದಾಗ, ಹದಿನಾಲ್ಕು ದಿನಗಳ ಗಡುವಿನ ಪತ್ರ ಇಲ್ಲಿ ನಮ್ಮ ಬಾಗಿಲ ಹಿಂದೆ ಜಾಹೀರಾತುಗಳ ನಡುವೆ ಬಿದ್ದಿತ್ತು. ಸೆಪ್ಟೆಂಬರಿನಲ್ಲಿ ಮರಳಿ ಬಂದಾಗ ಆ ಪತ್ರದ ಮೇಲೆಯೇ ಎರಡನೆಯದೂ ಇತ್ತು: ನಿಮ್ಮ ಮಗಳನ್ನು ಪಟ್ಟಿಯಿಂದ ಬಿಡುಗಡೆ ಮಾಡಲಾಗಿದೆ. ಮತ್ತೆ ಜಿಪಿ, ಮತ್ತೆ ಶಿಫಾರಸು, ಮತ್ತೆ ಏಳು ತಿಂಗಳು. ಆ ನಡುವೆ ಅವಳು ಕೋಣೆಯಿಂದ ಹೊರಬರುವುದನ್ನೇ ಬಿಟ್ಟಾಗ ಗಾಬರಿಯಿಂದ ಖಾಸಗಿ ಆಪ್ತಸಮಾಲೋಚಕರ ಬಳಿ ವಾರಕ್ಕೆ 70 ಪೌಂಡಿನಂತೆ ಹನ್ನೆರಡು ವಾರ ಕರೆದೊಯ್ದೆವು. ಆ 840 ಪೌಂಡಿಗಿಂತ, ಅವಳು ಸುಮ್ಮನೆ ಗೋಡೆ ನೋಡುತ್ತ ಕಳೆದ ಆ ತಿಂಗಳುಗಳು ನನ್ನನ್ನು ಇಂದಿಗೂ ಕಾಡುತ್ತವೆ.

ಗದಗಿನ ಕುಟುಂಬ ಬಾಡಿಗೆ ಮನೆ ಬದಲಿಸಿ ಹೊಸ ವಿಳಾಸವನ್ನು ಜಿಪಿಗೆ ಮಾತ್ರ ತಿಳಿಸಿತು, ಪತ್ರ ಹಳೆಯ ಮನೆಗೆ ಹೋಯಿತು. ಹುಬ್ಬಳ್ಳಿಯವರು ಸಂಖ್ಯೆ ಕಾಣಿಸದ ಕರೆಗಳನ್ನು ಮೋಸಗಾರರದೆಂದು ಎತ್ತಲೇ ಇಲ್ಲ. ಆರೋಗ್ಯ ಸೇವೆಯ ಕರೆಗಳು ಅನೇಕ ಸಲ ಸಂಖ್ಯೆ ಮರೆಮಾಡಿಯೇ ಬರುತ್ತವೆ. ಹಾವೇರಿಯವರಂತೂ ರಜೆಯಲ್ಲಿ ಮಗ ಚೆನ್ನಾಗಿದ್ದಾನೆಂದು ತಾವೇ ಭೇಟಿ ರದ್ದು ಮಾಡಿದರು, ಶಾಲೆ ಆರಂಭವಾದ ಮೂರನೆಯ ವಾರಕ್ಕೆ ಎಲ್ಲವೂ ಮೊದಲಿನಂತಾಯಿತು. ಶಾಲೆಯ ಭಯ ರಜೆಯಲ್ಲಿ ಮಾಯವಾಗುವುದನ್ನು ಗುಣವೆಂದು ದಯವಿಟ್ಟು ಎಣಿಸಬೇಡಿರಿ.

ಊರಿಗೆ ಹೊರಡುವ ಮೊದಲು ಹೋಗಿ ಬರುವ ದಿನಾಂಕಗಳನ್ನು ಕ್ಯಾಮ್ಸ್‌ಗೆ ಇಮೇಲ್‌ನಲ್ಲಿ ಬರೆದು ತಿಳಿಸಿರಿ. ಮನೆಯ ಕೀಲಿಯನ್ನು ನಂಬಿಗಸ್ಥರಿಗೆ ಕೊಟ್ಟು, ವಾರಕ್ಕೊಮ್ಮೆ ಅಂಚೆಯನ್ನು ಒಡೆದು ಫೋಟೋ ಕಳುಹಿಸಲು ಹೇಳಿರಿ. ತಿಂಗಳಿಗೊಮ್ಮೆ ನೀವೇ ಕರೆ ಮಾಡಿ ಹೆಸರು ಪಟ್ಟಿಯಲ್ಲಿದೆಯೇ ಎಂದು ಕೇಳಿ, ಮಾತನಾಡಿದವರ ಹೆಸರನ್ನೂ ದಿನಾಂಕವನ್ನೂ ಬರೆದಿಡಿರಿ. ನಮ್ಮವರಿಗೆ ಇದು ಪೀಡಿಸಿದಂತೆ ತೋರುತ್ತದೆ, ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಹೆಸರು ಹೋಗಿಯೇ ಬಿಟ್ಟರೆ ಹೊಸ ಶಿಫಾರಸಿಗೆ ಓಡುವ ಮೊದಲು, ಹಳೆಯ ದಿನಾಂಕದಿಂದಲೇ ಪಾಳಿಯನ್ನು ಮರಳಿ ಕೊಡಿರೆಂದು ಲಿಖಿತವಾಗಿ ಕೇಳಿರಿ. ಒಪ್ಪದಿದ್ದರೆ ‘ಪಾಲ್ಸ್’ ಎಂಬ ರೋಗಿಗಳ ಸಲಹಾ ವಿಭಾಗಕ್ಕೆ ಬರೆಯಿರಿ. ಗದಗಿನವರಿಗೆ ಹಳೆಯ ಪಾಳಿ ಹೀಗೆಯೇ ಮರಳಿ ದೊರೆಯಿತು. ನನಗೆ ಆಗ ಇದು ಗೊತ್ತಿರಲಿಲ್ಲ.

ಕಾಯಲಾರದೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯ ತಪಾಸಣೆಯನ್ನು ಖಾಸಗಿಯಾಗಿ ಮಾಡಿಸುವವರು, ಖಾಸಗಿ ವೈದ್ಯರು ಆರಂಭಿಸಿದ ಔಷಧಿಯನ್ನು ಮುಂದುವರಿಸಲು ಜಿಪಿ ಒಪ್ಪುವರೇ ಎಂದು ಹಣ ಕಟ್ಟುವ ಮೊದಲೇ ಲಿಖಿತ ಉತ್ತರ ಪಡೆಯಬೇಕು. ಹಾಗೆ ಒಪ್ಪಲೇಬೇಕೆಂಬ ಕಡ್ಡಾಯವಿಲ್ಲ. ಒಪ್ಪದಿದ್ದರೆ ತಿಂಗಳು ತಿಂಗಳೂ ಔಷಧಿಯ ಪೂರ್ಣ ಬೆಲೆ ನಿಮ್ಮದೇ.

ಯಾವ ವ್ಯವಸ್ಥೆ ಮೇಲು ಎಂದು ಊರಿನಲ್ಲಿ ಕೇಳುತ್ತಾರೆ. ಬೇಗ ವೈದ್ಯರ ಮುಖ ಕಾಣುವ ವಿಷಯದಲ್ಲಿ ಧಾರವಾಡವೇ ಮೇಲು, ಇದನ್ನು ನಾನು ಯಾರ ಮುಂದೆಯೂ ಹೇಳಬಲ್ಲೆ. ಆದರೆ ಇಲ್ಲಿ ವೈದ್ಯರು ಮಗುವಿನೊಂದಿಗೆ ಒಂಟಿಯಾಗಿ ಮಾತನಾಡುತ್ತಾರೆ. ನಮ್ಮಲ್ಲಿ ಪ್ರಶ್ನೆ ಮಗುವಿಗೆ ಬಂದರೆ ಉತ್ತರವನ್ನು ತಂದೆತಾಯಿ ಕೊಡುತ್ತೇವೆ. ಮೊದಲ ದಿನ ನನ್ನನ್ನು ಹೊರಗೆ ಕೂರಿಸಿದಾಗ ಸಿಟ್ಟು ಬಂದಿತ್ತು. ಶಾಲೆಯಲ್ಲಿ ತನ್ನ ಉಚ್ಚಾರವನ್ನು ಅಣಕಿಸುತ್ತಾರೆ ಎಂಬ ಮಾತನ್ನು, ನನಗೆ ನೋವಾದೀತೆಂದು ಅವಳು ಒಂದು ವರ್ಷ ಬಚ್ಚಿಟ್ಟುಕೊಂಡಿದ್ದಳು. ಅದು ಹೊರಬಂದದ್ದು ಆ ಮುಚ್ಚಿದ ಬಾಗಿಲಿನ ಹಿಂದೆಯೇ. ಅವಳ ಜೀವಕ್ಕಾಗಲಿ ಸುರಕ್ಷತೆಗಾಗಲಿ ಅಪಾಯವಿದ್ದರೆ ಮಾತ್ರ, ಹೇಳಿದ್ದನ್ನು ಗುಟ್ಟಾಗಿ ಇಡುವುದಿಲ್ಲ ಎಂದು ಮೊದಲೇ ತಿಳಿಸಿರುತ್ತಾರೆ.

ಮಗು ಸಾಯುವ ಮಾತನಾಡಿದರೆ ಯಾವ ಪಾಳಿಯನ್ನೂ ಕಾಯಬೇಡಿರಿ. 111ಕ್ಕೆ ಕರೆ ಮಾಡಿ 2 ಒತ್ತಿದರೆ ಹಗಲು ರಾತ್ರಿ ಮಾನಸಿಕ ಆರೋಗ್ಯ ಸಿಬ್ಬಂದಿ ಸಿಗುತ್ತಾರೆ, ಜೀವಕ್ಕೆ ಅಪಾಯವಿದ್ದರೆ 999. ಮಗುವೇ ಉಚಿತವಾಗಿ ಮಾತನಾಡಬಹುದಾದ ಚೈಲ್ಡ್‌ಲೈನ್ ಸಂಖ್ಯೆ 0800 1111, ಅದನ್ನು ಮಗುವಿನ ಫೋನಿನಲ್ಲಿ ಇಂದೇ ಹಾಕಿಡಿರಿ.

ಮಗುವಿಗೆ ಹದಿನಾರು ತುಂಬಿದ ಮೇಲೆ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಹಕ್ಕು ಅದರದೇ. ಹದಿನೆಂಟರ ಹೊತ್ತಿಗೆ ದೊಡ್ಡವರ ಸೇವೆಗೆ ವರ್ಗವಾಗಬೇಕು, ಬಹಳ ಹೆಸರುಗಳು ಅಲ್ಲಿಯೂ ಜಾರುತ್ತವೆ, ಆದ್ದರಿಂದ ಹದಿನೇಳರಲ್ಲೇ ವಿಚಾರಿಸಿರಿ. ನನ್ನ ಮಗಳಿಗೆ ಈಗ ಹತ್ತೊಂಬತ್ತು. ಹದಿನಾರರಿಂದಲೇ ಪತ್ರಗಳು ಅವಳ ಹೆಸರಿಗೆ ಬರತೊಡಗಿದವು. ಅಂದಿನಿಂದ ನಾನು ಲಕೋಟೆಯನ್ನು ಒಡೆಯದೆ ಅವಳ ಮೇಜಿನ ಮೇಲಿಟ್ಟು, ಸಂಜೆ ಊಟಕ್ಕೆ ಕುಳಿತಾಗ, ಉತ್ತರಿಸಲು ಯಾವ ತಾರೀಕು ಕೊಟ್ಟಿದ್ದಾರೆ ಎಂದಷ್ಟೇ ಕೇಳುತ್ತೇನೆ.