ಪೇಶನ್ಸ್ ಲೋಡರ್ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳಿದ್ದು

ನಾವಿರುವ ಅಮೆರಿಕದ ಯೂಟಾ ರಾಜ್ಯದಲ್ಲಿ ಜುಲೈ 24 ದೊಡ್ಡ ಹಬ್ಬ. 1847ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ಮುಖಂಡ ಬ್ರಿಗಮ್ ಯಂಗ್ ಮತ್ತು ಅವರ ಜೊತೆಗಿದ್ದ ವಲಸಿಗರು ಇಲ್ಲಿನ ಸಾಲ್ಟ್ ಲೇಕ್ ಕಣಿವೆಗೆ ಬಂದಿಳಿದ ದಿನ. ಊರಿಡೀ ಮೆರವಣಿಗೆ, ಕೈಗಾಡಿಗಳು. ನಮ್ಮ ಮಕ್ಕಳು ನೋಡಿ ಬಂದು 'ಇವರೆಲ್ಲ ಯಾರು?' ಅಂತ ಕೇಳುತ್ತಾರೆ. ಅದಕ್ಕೇ ಇಲ್ಲಿನ ಕನ್ನಡ ಮನೆಗಳ ಮಕ್ಕಳನ್ನು ಕೂರಿಸಿಕೊಂಡು, ಅವರ ಹಿಂದೆ 1856ರಲ್ಲಿ ಕೈಗಾಡಿ ಎಳೆದುಕೊಂಡು ನಡೆದು ಬಂದ ಮಾರ್ಮನ್ ವಲಸಿಗರಲ್ಲಿ ಒಬ್ಬ ಹೆಂಗಸಿನ ಬದುಕನ್ನು ಕನ್ನಡದಲ್ಲೇ ಹೇಳಿದೆ.

ಆರಿಸಿಕೊಂಡಿದ್ದು ಪೇಶನ್ಸ್ ಲೋಡರ್ ಅವರನ್ನು. 1827ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು, ತೋಟಗಾರನ ಮಗಳು. ತಮ್ಮ ಬದುಕನ್ನು ತಾವೇ ಬರೆದಿಟ್ಟಿದ್ದಾರೆ, ನನಗೆ ಬೇಕಾಗಿದ್ದೂ ಅದೇ. ಕಾಗುಣಿತ ಬಾಯಿಗೆ ಬಂದ ಹಾಗೆ, ಪೂರ್ಣವಿರಾಮ ಅಪರೂಪ. ಮನಸ್ಸಿನಲ್ಲೇ ಓದಿದರೆ ತೊಡಕಾಗುತ್ತದೆ. ಜೋರಾಗಿ ಓದತೊಡಗಿದೆ ನೋಡಿ, ಅಜ್ಜಿ ಪಕ್ಕದಲ್ಲೇ ಕೂತು ಮಾತಾಡಿದ ಹಾಗಾಯಿತು. ಆದರೆ ಅವರು ಬರೆದಿದ್ದು ದಶಕಗಳ ನಂತರ. ಹಾಗಾಗಿ ಅವರ ಜೊತೆ ಅದೇ ಕೈಗಾಡಿ ತಂಡದಲ್ಲಿ ಬಂದ ಅವರ ತಂಗಿಯ ಗಂಡ ಜಾನ್ ಜಾಕ್ಸ್ ಬರೆದಿಟ್ಟಿದ್ದನ್ನೂ ಜೊತೆಗಿಟ್ಟುಕೊಂಡು ಓದಿದೆ.

ಅಂಕಿಗಳನ್ನು ಬಾಯಲ್ಲಿ ಹೇಳಿದರೆ ಮಕ್ಕಳ ತಲೆಗೆ ಹೋಗುವುದಿಲ್ಲ ಅಲ್ವಾ? ತೂಕ ಹಾಕಿ ತೋರಿಸಿದೆ. ಕೈಗಾಡಿಯವರಲ್ಲಿ ದೊಡ್ಡವರೊಬ್ಬರಿಗೆ 17 ಪೌಂಡ್ ಸಾಮಾನಿಗಷ್ಟೇ ಅವಕಾಶ. ಅಂದರೆ ಎಂಟು ಕಿಲೋಗೂ ಕಡಿಮೆ. ಹೊದಿಕೆ, ಬಟ್ಟೆ, ಪಾತ್ರೆ ಎಲ್ಲ ಅದರಲ್ಲೇ. 'ನಿಮ್ಮ ಬ್ಯಾಗ್ ತುಂಬಿ' ಅಂದೆ. ಎರಡು ಹೊದಿಕೆ, ಒಂದು ಕುಕ್ಕರ್ ಇಡುವಷ್ಟರಲ್ಲಿ ತಕ್ಕಡಿ ಮುಳ್ಳು ಮುಕ್ಕಾಲು ದಾಟಿತ್ತು. ಆಮೇಲೆ ಹಿಟ್ಟು. ಹಿಮ ಬಿದ್ದು ದಾರಿ ನಿಂತಾಗ ದಿನದ ಪಾಲು 4 ಔನ್ಸ್‌ಗೆ ಇಳಿದಿತ್ತು, 113 ಗ್ರಾಂ. ಅಷ್ಟನ್ನೇ ಅಳೆದು ಕಲಸಿದೆ. ನಾಲ್ಕು ಸಣ್ಣ ಚಪಾತಿ ಆಯಿತು. 'ಪಲ್ಯ ಎಲ್ಲಿ ಆಂಟಿ?' ಅಂದಳು ಒಬ್ಬಳು. ಪಲ್ಯ ಇಲ್ಲ ಪುಟ್ಟಿ, ರಾತ್ರಿಗೂ ಸೇರಿ ಇಷ್ಟೇ ಅಂದೆ.

ದಾರಿಯ ಕಥೆ ಆಮೇಲೆ. ಪೇಶನ್ಸ್ ಇದ್ದ ಮಾರ್ಟಿನ್ ತಂಡ 1856ರ ಜುಲೈ ಕೊನೆಗೆ ಅಯೋವಾ ಸಿಟಿ ಬಿಟ್ಟಿತು. ಚಳಿಗಾಲಕ್ಕೆ ಮುಂಚೆ ತಲುಪಬೇಕೆಂದರೆ ಅದು ತೀರಾ ತಡ. ಅಲ್ಲಿಂದ ಸಾಲ್ಟ್ ಲೇಕ್‌ಗೆ ಸುಮಾರು 1,300 ಮೈಲಿ ದಾರಿ. ಸೆಪ್ಟೆಂಬರ್ ಕೊನೆಯಲ್ಲಿ ನೆಬ್ರಾಸ್ಕದಲ್ಲಿ ಅಪ್ಪ ತೀರಿಕೊಂಡರು. ಅಕ್ಟೋಬರ್ 19ರಂದು ನಾರ್ತ್ ಪ್ಲಾಟ್ ನದಿಯನ್ನು ಕೊನೆಯ ಸಲ ದಾಟುವ ಹೊತ್ತಿಗೆ ಹಿಮ ಹಿಡಿದಿತ್ತು. ಚಳಿಯ ಒಂದು ಬೆಳಗ್ಗೆ ಹೆಣ್ಣುಮಕ್ಕಳು ಯಾರೂ ಏಳಲೊಲ್ಲರು. ತಾಯಿ ಏಮಿ ಹಾಡುತ್ತಾ ಕುಣಿಯತೊಡಗಿದರು, ಹೆಪ್ಪುಗಟ್ಟಿದ ನೆಲದಲ್ಲಿ ಜಾರಿ ಬಿದ್ದರು. ಮಕ್ಕಳೆಲ್ಲ ಗಾಬರಿಯಿಂದ ಎದ್ದು ಓಡಿದರೆ ತಾಯಿ ನಗುತ್ತಿದ್ದರು. ನಿಮ್ಮನ್ನು ಎಬ್ಬಿಸಬೇಕಿತ್ತು, ಎಬ್ಬಿಸಿದೆ ಅಂತ. ಇದನ್ನು ಹೇಳುವಾಗ ಎದ್ದು ನಿಂತು ಕುಣಿದೇ ತೋರಿಸಿದೆ. ಇಂಥದ್ದನ್ನು ಕೂತು ಹೇಳಬಾರದು.

ಸಾಮಾನ್ಯವಾಗಿ ಈ ಹೆಂಗಸರ ಕಥೆಯನ್ನು ಹಿಮದಲ್ಲೇ ನಿಲ್ಲಿಸಿಬಿಡುತ್ತಾರೆ. ರಕ್ಷಣೆಗೆ ಹೋದವರು ಬಂದರು, ನವೆಂಬರ್ 30ಕ್ಕೆ ಸಾಲ್ಟ್ ಲೇಕ್ ಸೇರಿದರು, ಮುಗಿಯಿತು. ನನಗೆ ಅದು ಸರಿ ಅನ್ನಿಸುವುದಿಲ್ಲ. ಅವತ್ತು ಪೇಶನ್ಸ್‌ಗೆ ಇನ್ನೂ 29 ವರ್ಷ. ಮುಂದೆ 90 ದಾಟಿ ಬದುಕಿದರು. ಮಾರ್ಮನ್ನರನ್ನು ಹದ್ದುಬಸ್ತಿನಲ್ಲಿಡಲು ಅಮೆರಿಕ ಸರ್ಕಾರ ಕಳಿಸಿದ್ದ ಸೈನ್ಯದಲ್ಲೇ ಇದ್ದ ಹಂಗೇರಿ ಮೂಲದ ಜಾನ್ ರೋಜಾ ಎಂಬ ಸೈನಿಕನನ್ನು ಮದುವೆಯಾದರು! ಆ ಕಾಲಕ್ಕೆ ಅದೇನು ಸಣ್ಣ ಧೈರ್ಯವೇ? ಅಮೆರಿಕದ ಅಂತರ್ಯುದ್ಧ ಬಂತೆಂದು ಗಂಡನ ಜೊತೆ ಪೂರ್ವಕ್ಕೆ ಹೋದರು. 1866ರಲ್ಲಿ ಗಂಡ ತೀರಿಕೊಂಡ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಯೂಟಾಕ್ಕೆ ಮರಳಿ, ಮುಂದೆ ಗಣಿ ಕೆಲಸಗಾರರಿಗೆ ಅಡುಗೆ ಮಾಡಿ ಹಾಕಿದರು.

ನನ್ನ ಅರ್ಧ ಹೊತ್ತನ್ನು ಈ ಭಾಗಕ್ಕೇ ಇಟ್ಟಿದ್ದೆ. ಮಕ್ಕಳು ಜಾಸ್ತಿ ಪ್ರಶ್ನೆ ಕೇಳಿದ್ದೂ ಇಲ್ಲೇ. ಗಣಿಯವರಿಗೆ ಏನು ಅಡುಗೆ ಮಾಡುತ್ತಿದ್ದರು? ಅಮ್ಮ ಕೆಲಸಕ್ಕೆ ಹೋದರೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು?