ಕಾಫಿ ಪರಿಮಳ ಮೂಗಿಗೆ ಮರಳಿದ್ದು ಹೀಗೆ

2021ರ ಮೇ ತಿಂಗಳಲ್ಲಿ ಕೋವಿಡ್ ಬಂತು. ಜ್ವರ ನಾಲ್ಕೇ ದಿನ ಇತ್ತು. ಆಮೇಲೊಂದು ಬೆಳಿಗ್ಗೆ ಒಲೆಯ ಪಕ್ಕದಲ್ಲೇ ನಿಂತಿದ್ದೆ, ಹೆಂಡತಿ ಓಡಿ ಬಂದಳು. "ರೀ, ಹಾಲು ಸೀದು ಮನೆಯೆಲ್ಲ ವಾಸನೆ, ಗೊತ್ತಾಗ್ಲಿಲ್ವಾ?" ನಿಜಕ್ಕೂ ಗೊತ್ತಾಗಿರಲಿಲ್ಲ.

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ನನಗೆ ಆಗ 52. ಕಣದಲ್ಲಿ ಹರಡಿದ ಕಾಫಿ ಹುಳಿ ಬಂದಿದೆಯಾ, ಚೀಲಕ್ಕೆ ಬೂಷ್ಟು ಹಿಡಿದಿದೆಯಾ, ಹುರಿಯುವಾಗ ಯಾವಾಗ ಇಳಿಸಬೇಕು, ಎಲ್ಲವನ್ನೂ ಹೇಳುವುದು ಮೂಗೇ. ಎರಡು ತಿಂಗಳು ಕಾದು ಇಎನ್‌ಟಿ ಡಾಕ್ಟರ ಹತ್ತಿರ ಹೋದೆ. "ಮೂಸೋದನ್ನ ಮತ್ತೆ ಕಲೀಬೇಕು" ಎಂದರು. ಜರ್ಮನಿಯ ಡ್ರೆಸ್ಡನ್‌ನಲ್ಲಿ ಥಾಮಸ್ ಹಮ್ಮೆಲ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಕ್ರಮ ಅದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ. ದಿನಕ್ಕೆ ಎರಡು ಸಲ, 12 ವಾರ.

ನಾಲ್ಕು ಜಾಮ್ ಬಾಟಲಿ ತೊಳೆದಿಟ್ಟೆ. ಒಂದರಲ್ಲಿ ನೀಲಗಿರಿ ಎಣ್ಣೆ ಹಾಕಿದ ಹತ್ತಿ, ಒಂದರಲ್ಲಿ ಜಜ್ಜಿದ ಲವಂಗ, ಒಂದರಲ್ಲಿ ಪನ್ನೀರು. ನಿಂಬೆ ಸಿಪ್ಪೆ ಮಾತ್ರ ದಿನಾ ಹೊಸದು. ಒಂದೊಂದನ್ನೂ 20 ಸೆಕೆಂಡು, ಸಣ್ಣ ಸಣ್ಣ ಉಸಿರಲ್ಲಿ ಮೂಸುತ್ತಿದ್ದೆ. ಕಣ್ಣು ಮುಚ್ಚಿ ಆ ವಾಸನೆಯನ್ನೇ ನೆನೆಯಬೇಕು. ಹಲ್ಲುನೋವಿಗೆ ಲವಂಗ ಕಚ್ಚಿಕೊಂಡೇ ಮಾತಾಡುತ್ತಿದ್ದ ನನ್ನ ಅಜ್ಜಿಯನ್ನು ನೆನೆಯುತ್ತಿದ್ದೆ. ಮೊಬೈಲ್ ನೋಡುತ್ತ ಸುಮ್ನೆ ಬಾಟಲಿ ಹಿಡಿದರೆ ಪ್ರಯೋಜನ ಇಲ್ಲ ಅನ್ನೋದು ನನ್ನ ಅನುಭವ.

ನೀಲಗಿರಿಯ ತಂಪು ಮೊದಲ ದಿನವೇ ತಿಳಿಯಿತು. ತುಂಬ ಖುಷಿಪಟ್ಟೆ. ಅದು ವಾಸನೆಯಲ್ಲ, ಉರಿ-ತಂಪು ತಿಳಿಸುವ ನರವೇ ಬೇರೆ ಎಂದು ಡಾಕ್ಟರು ಹೇಳಿದರು.

ಒಂಬತ್ತನೇ ವಾರ ವಾಸನೆ ಬಂತು, ಆದರೆ ತಪ್ಪಾಗಿ. ನಮ್ಮ ತೋಟದ ಕಾಫಿಯೇ ಸುಟ್ಟ ರಬ್ಬರಿನ ಹಾಗೆ ನಾತ! ಲೋಟ ಹಿಡಿದುಕೊಂಡು ಹೋಗಿ ಅಂಗಳದಾಚೆ ಚೆಲ್ಲಿದೆ. ಅವತ್ತು ಅತ್ತುಬಿಟ್ಟೆ. "ಇದು ಒಳ್ಳೇ ಸೂಚನೆ, ಬಿಡಬೇಡಿ" ಎಂದರು ಡಾಕ್ಟರು. ಮೂಗಿನ ಮೇಲ್ಭಾಗದ ವಾಸನೆಯ ನರಕೋಶಗಳು ದೊಡ್ಡವರಲ್ಲೂ ಹೊಸದಾಗಿ ಹುಟ್ಟುತ್ತಿರುತ್ತವೆ. ಅವುಗಳ ಎಳೆಗಳು ಮಿದುಳಿನ ಅಡಿಯಲ್ಲಿರುವ, ವಾಸನೆಯ ಸುದ್ದಿ ಮೊದಲು ಮುಟ್ಟುವ ಆಲ್ಫ್ಯಾಕ್ಟರಿ ಬಲ್ಬ್ ಎಂಬ ಭಾಗಕ್ಕೆ ಹೋಗಿ ಸೇರಬೇಕು. ಅರ್ಧಂಬರ್ಧ ಸೇರಿದಾಗ ವಾಸನೆ ಹೀಗೆ ಕೆಟ್ಟು ಬರುತ್ತದೆ ಎಂದು ತಜ್ಞರ ಅಂದಾಜು. ತಿಂಗಳುಗಟ್ಟಲೆ ಹೀಗೆ ಮೂಸಿ ಅಭ್ಯಾಸ ಮಾಡಿದವರ ಬಲ್ಬ್ ದೊಡ್ಡದಾದದ್ದನ್ನು ಎಂಆರ್‌ಐನಲ್ಲಿ ನೋಡಿದ್ದಾರೆ. ಇದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು.

12 ವಾರ ಮುಗಿದ ಮೇಲೆ ಬಾಟಲಿಗಳಿಗೆ ಮನೆಯದ್ದನ್ನೇ ತುಂಬಿದೆ: ಏಲಕ್ಕಿ, ಕಿತ್ತಳೆ ಸಿಪ್ಪೆ, ನಮ್ಮ ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ. ಮೊದಲು ಸರಿಯಾಗಿ ಸಿಕ್ಕಿದ್ದು ಕಾಚಂಪುಳಿ. ಹುರಿದಾಗ ಹುಟ್ಟುವ ಗಂಧಕದ ಕೆಲವು ಅಂಶಗಳೇ ಜಾಸ್ತಿ ಕಾಡುತ್ತವೆ. ಅದಕ್ಕೇ ಕಾಫಿಯನ್ನು ಹಸಿ ಬೀಜದಿಂದ ಶುರು ಮಾಡಿದೆ, ಆಮೇಲೆ ಸ್ವಲ್ಪವೇ ಹುರಿದದ್ದು.

2022ರ ಮಾರ್ಚ್. ಹೂಮಳೆ ಬಿದ್ದು ಒಂಬತ್ತನೇ ದಿನ, ನಸುಕಿನಲ್ಲಿ ಕಿಟಕಿ ತೆಗೆದೆ. ಹಾಗೇ ನಿಂತೆ. ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ: "ಕಾಫಿ ಹೂ. ಮಲ್ಲಿಗೆಯ ಹಾಗೆ. ಅರ್ಧ ಸಿಕ್ಕಿದೆ."

ಹುರಿದ ಕಾಫಿ ಸರಿಹೋಗಲು ಇನ್ನೂ ಆರು ತಿಂಗಳು ಹಿಡಿಯಿತು. ಗುಲಾಬಿ ಈಗಲೂ ಸಿಕ್ಕಿಲ್ಲ. ಪನ್ನೀರಿನ ಬಾಟಲಿ ಕಿಟಕಿಯ ಹತ್ತಿರವೇ ಇದೆ, ದಿನಾ ಮೂಸುತ್ತೇನೆ.